ಏಳನೇ ಟ್ಯೂಬಿನ ಎಂಜಲು

"ಲೇ ಗಗನಾ, ದೇವ್ರಾಣೆ ನಿಜ ಯೋಳು. ಇದು ನಿನ್ ತಮಾಸೆ ತಾನೆ?"

ಲ್ಯಾಬ್‌ನಾಗೆ ಪರೀಕ್ಸೆ ಮಾಡೋ ನಾಗಕ್ಕ ನನ್ ಕೈ ಇಡ್ಕಂಡು ಕೇಳಿದ್ಲು.

ಅವ್ಳು ಅನುಮಾನ ಪಟ್ಟಿದ್ದು ತಪ್ಪಲ್ಲ ಬುಡಿ. ಮಂಡ್ಯದ ಈ ಲ್ಯಾಬ್‌ನಾಗೆ ಫ್ರಿಜ್ ಒಳ್ಗೆ ರಬ್ಬರ್ ಹಲ್ಲಿ ಕೂರ್ಸಿದ್ದು ನಾನೇ. ದೊಡ್ಡ ಡಾಕ್ಟ್ರ ದನೀಲಿ ಫೋನ್ ಮಾಡಿ ಎಲ್ರಿಗೂ ಭಾನ್ವಾರ ಡ್ಯೂಟಿ ಆಕಿದ್ದೂ ನಾನೇ. ಆದ್ರೆ ಸ್ಯಾಂಪಲ್ ವಿಸ್ಯಕ್ಕೆ ಮಾತ್ರ ನಾನು ಕೈ ಆಕಲ್ಲ. ಮದ್ದೂರು, ಮಳವಳ್ಳಿ ಕಡೆಯಿಂದ ಸ್ಯಾಂಪಲ್ ಡಬ್ಬ ಸ್ಕೂಟರ್‌ಗೆ ಏರ್ಸಿ ಇಲ್ಲಿಗೆ ತರೋದು ನನ್ ಕೆಲ್ಸ. ಅದು ನನ್ ಅನ್ನ.

"ಏನಕ್ಕ ಆಯ್ತು? ಟೈಟಲ್ ಕಾರ್ಡೇ ಬಿದ್ದಿಲ್ಲ, ನೀನಾಗ್ಲೇ ಕ್ಲೈಮ್ಯಾಕ್ಸ್ ಮಕ ಮಾಡ್ಕಂಡಿದ್ದೀಯ."

"ಆತಗೂರ್ ಕೋಳಿ ಫಾರಂದು ಏಳ್ ಟ್ಯೂಬ್ ತಂದೆಯಲ್ಲ ನೆನ್ನೆ, ಬುಧವಾರ. ಅದು."

ನನ್ ನಗ ಅಲ್ಲೇ ಇಂಗೋಯ್ತು.

ನಮ್ಮಣ್ಣ ಸ್ವಾಮಿ ಕೆಲ್ಸಕ್ಕಿದ್ದಿದ್ದು ಅದೇ ಫಾರಂನಲ್ಲಿ. ಭಾನ್ವಾರದಿಂದ ಅವನ್ ಫೋನ್ ಆಫ್. ಓನರ್ ಜಯಪ್ರಕಾಶಣ್ಣನ್ನ ಕೇಳುದ್ರೆ, "ಯೋಳ್ದೆ ಕೇಳ್ದೆ ಕೆಲ್ಸ ಬುಟ್ಟೋದ ಕಣವ್ವ" ಅಂತಾನೆ. ಕೊತ್ತತ್ತೀಲಿ ನಮ್ಮವ್ವ ಪುಟ್ಟಮಾದಮ್ಮ ಊಟ ಬುಟ್ಟು ಬಾಗ್ಲಲ್ಲೇ ಕೂತವ್ಳೆ. ಇವತ್ ಬೆಳಿಗ್ಗೆನೂ ಕಾಪಿ ಮುಟ್ನಿಲ್ಲ. "ನೋಡವ್ವ, ವಿಸ ಇಲ್ಲ, ನಾನೇ ಕುಡೀತೀನಿ" ಅಂತ ಸಿನಿಮಾದಾಗೆ ರಾಜ್ರ ಊಟ ರುಚಿ ನೋಡೋ ಆಳ್ನಂಗೆ ಅರ್ದ ಲೋಟ ಕುಡ್ದು, ಉಳ್ದಿದ್ದ ಅವ್ಳ ಬಾಯಿಗೆ ಇಡ್ದು ಕುಡ್ಸಿ ಬಂದಿದ್ದೆ.

ನಾಗಕ್ಕ ನನ್ನ ಸ್ಯಾಂಪಲ್ ಬಿಚ್ಚೋ ಗಾಜಿನ್ ಡಬ್ಬದ ಮುಂದಕ್ಕೆ ಎಳ್ಕಂಡೋದ್ಲು.

ಮೂಗೊಳಕ್ಕೆ ಕಡ್ಡಿ ಬುಟ್ಟು ಕಣ್ಣೀರ್ ಬರ್ಸೋ ಕಾಲ ಓಯ್ತು. ಈಗ ಟ್ಯೂಬ್‌ಗೆ ಎಂಜಲು ಉಗುದ್ರೆ ಸಾಕು, ಜ್ವರದ ವೈರಸ್ ಐತೋ ಇಲ್ವೋ ಮಿಶಿನ್ ಯೋಳ್ತದೆ. ಆತಗೂರ್ ಸುತ್ತ ಕಾಗೆ ಸತ್ ಸತ್ ಬೀಳ್ತಾವೆ ಅಂತ ಸುದ್ದಿ ಆಯ್ತಲ್ಲ, ಆಗ್ಲಿಂದ ಕೋಳಿ ಫಾರಂ ಆಳುಗಳೆಲ್ಲ ಎಂಜಲು ಕೊಡ್ಬೇಕು ಅಂತ ಆರ್ಡರ್ ಆಗಿತ್ತು.

"ಮಿಶಿನ್‌ಗೆ ಇಕ್ಕೋಕ್ ಮುಂಚೆ ಎಂಜಲ ಒಂಚೂರು ತಕ್ಕಂಡು ಚೆನ್ನಾಗ್ ಬಿಸಿ ಮಾಡ್ತೀವಿ," ಅಂದ್ಲು ನಾಗಕ್ಕ. "ಬಿಸಿ ಮಾಡುದ್ರೆ ಎಂಜಲು ನೀರ್ ನೀರಾಯ್ತದೆ. ಇದ್ನ ನೋಡು."

ಆರು ಪುಟಾಣಿ ಟ್ಯೂಬು. ಒಳ್ಗೆ ಬೆಳ್ಳಗೆ, ಗಟ್ಟಿಯಾಗಿ ಏನೋ. ಒಂದ್ನ ತಲೆಕೆಳ್ಗೆ ಇಡುದ್ಲು. ಬೀಳ್ನಿಲ್ಲ.

"ಬೆಂದೈತೆ," ಅಂದೆ.

"ಊಂ. ಇವತ್ ಬೆಳಿಗ್ಗೆ ಇದಕ್ಕೇ ಉಪ್ಪು ಮೆಣಸು ಆಕ್ಕಂಡು ತಿಂದ್ ಬಂದಿವ್ನಿ ನಾನು. ಮೊಟ್ಟೆ ಲೋಳೆ ಕಣೇ ಇದು!"

ನಂಗೆ ನಗ ತಡ್ಕಳಕ್ಕೇ ಆಗ್ನಿಲ್ಲ. "ಎಂಜಲು ಕೊಡ್ರಪ್ಪ ಅಂದ್ರೆ ಆಮ್ಲೆಟ್ ಕಳ್ಸವ್ರೆ! ಅಕ್ಕ, ಈರುಳ್ಳಿ ಎಚ್ಲಾ?"

"ನಗಬ್ಯಾಡ." ಅವ್ಳ ದನಿ ಇಳೀತು. "ಟ್ಯೂಬ್‌ನಾಗಿರೋದು ಮನ್ಸುರ್ದಾ ಅಂತ ಮಿಶಿನ್ ಮೊದ್ಲು ನೋಡ್ತದೆ. ಮನ್ಸುರ್ದಲ್ಲ ಅಂತ ಬಂತು. ಅಷ್ಟೇ ಆಗಿದ್ರೆ ನಾನೂ ನಗ್ತಿದ್ದೆ. ಬಿಸಿ ಮಾಡ್ದೆ ಮಿಗ್ಸಿದ್ನಲ್ಲ ಲೋಳೆ, ಅದ್ನ ಬ್ಯಾರೆ ತರ ಪರೀಕ್ಸೆ ಮಾಡ್ದೆ. ವೈರಸ್ ಐತೆ. ಆರ್ರಾಗೂ ಐತೆ."

"ಮೊಟ್ಟೆ ಒಳ್ಗಾ?"

"ಮೊಟ್ಟೆ ಒಳೀಕೇ ಬಂದೈತೆ ಅಂದ್ರೆ ಕೋಳಿ ಗತಿ ಏನಾಗಿರ್ಬೇಕು ಯೋಚ್ನೆ ಮಾಡು. ಮಾಮೂಲಿ ಫ್ಲೂ ಗುಂಪಿಗೆ ಸೇರ್ತಿಲ್ಲ ಇದು. ಕೋಳಿ ಜ್ವರ ಇರ್ಬೋದು. ಬೆಂಗ್ಳೂರಿಂದ ರಿಪೋರ್ಟ್ ಬಂದ್ರೆ ಪಕ್ಕಾ ಆಯ್ತದೆ."

ಬೆಳಿಗ್ಗೆಯಿಂದ ನಂಗೆ ಗಂಟ್ಲಲ್ಲಿ ಕೆರೆತ. ವಾರಕ್ ನಾಕ್ ಸಲ ಮದ್ದೂರ್ ರೋಡ್ ದೂಳು ಕುಡಿಯೋಳಿಗೆ ಇದು ಮಾಮೂಲಿ. ನುಂಗ್ಕಂಡೆ.

"ಆರು ಅಂದ್ಯಲ್ಲಕ್ಕ. ಏಳ್ನೇದು?"

ನಾಗಕ್ಕ ನನ್ ಮಕ ನೋಡ್ನಿಲ್ಲ. ಏಳ್ನೇ ಟ್ಯೂಬ್ ತಿರುಗ್ಸಿ ಅದ್ರ ಮೇಲಿನ ಚೀಟಿ ತೋರುದ್ಲು. ಸ್ವಾಮಿ.

"ಇದೊಂದೇ ಮನ್ಸುನ್ ಎಂಜಲು. ಇದ್ರಾಗೆ ವೈರಸ್ ಕಿಕ್ಕಿರ್ದು ತುಂಬೈತೆ. ಬಣ್ಣನೂ ಬ್ಯಾರೆ, ಕಂದು ಕಂದು, ಅಂಟಂಟು. ಉಗಿಯೋಕ್ ಮುಂಚೆ ಅರ್ದ ಗಂಟೆ ಏನೂ ತಿನ್ಬ್ಯಾಡಿ, ಕುಡೀಬ್ಯಾಡಿ ಅಂತ ಬಡ್ಕತೀವಿ. ಇವ್ನು ಏನೋ ಸೀ ಕುಡ್ದು ಉಗ್ದವ್ನೆ."

ಭಾನ್ವಾರ ಬುಟ್ಟೋದೋನು ಬುಧವಾರ ಎಂಗ್ ಉಗ್ದ?

ಅಣ್ಣ ಬದ್ಕವ್ನೆ. ಆ ಫಾರಂನೋರ್ ಕೈಗ್ ಸಿಕ್ಕಾಕಂಡವ್ನೆ. ಮೈ ತುಂಬ ಜ್ವರ ಇಟ್ಕಂಡು.

"ಮೇಲಿನೋರ್ಗೆ ಫೋನ್ ಮಾಡಿವ್ನಿ," ಅಂದ್ಲು ನಾಗಕ್ಕ. "ಸಂಜೆ ಒಳ್ಗೆ ಪೋಲೀಸ್ರನ್ನೂ ಕರ್ಕಂಡು ಫಾರಂಗೆ ಓಯ್ತಾರಂತೆ. ಅಲ್ಲೀಗಂಟ ನೀನು ಈ ಕುರ್ಚಿ ಬುಟ್ಟು ಏಳ್ಬಾರ್ದು. ತಿಳೀತಾ?"

"ಸರಿ ಕಣಕ್ಕ."

ನಾನು ಸರಿ ಅಂದ್ರೆ ಏನರ್ತ ಅಂತ ನಾಗಕ್ಕಂಗೆ ಇನ್ನೂ ಗೊತ್ತಾಗಿಲ್ಲ, ಪಾಪ.

* * *

ಆತಗೂರ್ ಫಾರಂ ಗೇಟ್ ಮುಂದೆ ಸ್ಕೂಟರ್ ನಿಲ್ಸಿ ಎಲ್ಮೆಟ್ ತಗ್ದೆ.

ಎಲ್ರೀ ಕಾಗೆ?

ಕೋಳಿ ಫಾರಂ ಅಂದ್ಮೇಲೆ ಕಾಗೆ ಜಾತ್ರೆ ಇರ್ಬೇಕು. ತಂತಿ ಮೇಲೆ ಒಂದಿಲ್ಲ, ಮರದ್ ಮೇಲೆ ಒಂದಿಲ್ಲ. ಶೆಡ್ ಒಳ್ಗಿಂದ ಕೊಕ್ಕೊಕ್ಕೋ ಸದ್ದು ಬತ್ತಿತ್ತು. ಆದ್ರೆ ಬಾಗ್ಲಾಕಿರೋ ಟಾಕೀಸ್ ಒಳ್ಗೆ ಯಾರೋ ಪಿಸುಗುಟ್ಟಿದಂಗೆ. ಶೆಡ್ ಇಂದ್ಗಡೆ ಒಸಾ ಮಣ್ಣು ಗುಡ್ಡೆ ಬಿದ್ದಿತ್ತು, ಅದ್ರ ಮೇಲೆ ಸುಣ್ಣ. ಗಾಳಿ ತಿರುಗ್ದಾಗ ಆ ಕಡೆಯಿಂದ ಬಂದ ವಾಸ್ನೆಗೆ ಮಾಸ್ಕ್ ಮೇಲೆ ಕೈಯೂ ಮುಚ್ಕಂಡೆ.

ಈ ಸೀನ್‌ಗೆ ಮ್ಯೂಸಿಕ್ ಬ್ಯಾಡ. ನನ್ ಎದೆ ಒಡ್ಕಳೋದೇ ಸಾಕಾಗಿತ್ತು.

"ಇವತ್ ಯಾಕ್ ಬಂದೆ?"

ಗೇಟ್ ಒಳ್ಗೆ ಪ್ರಸನ್ನ ನಿಂತಿದ್ದ. ಫಾರಂ ಸೂಪರ್ವೈಸರ್. ನೆನ್ನೆ ಏಳ್ ಟ್ಯೂಬ್ ಡಬ್ಬಕ್ಕೆ ತುಂಬಿ ನನ್ ಕೈಗ್ ಕೊಟ್ಟೋನು ಇವ್ನೇ. ಮೊಟ್ಟೆ ಒಡ್ದು ತುಂಬ್ದೋನೂ ಇವ್ನೇ ಇರ್ಬೇಕು. ಕಣ್ಣು ಗುಳಿ ಬಿದ್ದಿತ್ತು, ನನ್ ಕಣ್ಣಿಗೆ ಕಣ್ಣು ಕೊಡ್ತಿರ್ನಿಲ್ಲ. ಮೊದ್ಲ ಸೀನ್‌ನಾಗೇ ಇವ್ನೇ ವಿಲನ್ ಅಂತ ಗೊತ್ತಾಗೋ ಮಕ.

"ನಿಮ್ ಓನರ್‌ನ ನೋಡ್ಬೇಕು."

"ಓಗ್ ಓಗು. ಇನ್ನೊಂದಿನ ಬಾ."

"ಯಾರ್ಲಾ ಅದು ಪ್ರಸನ್ನ? ಬುಡ್ಲಾ ಒಳೀಕೆ!"

ಜಯಪ್ರಕಾಶಣ್ಣ. ಜಗುಲಿ ಮೇಲೆ ಪ್ಲಾಸ್ಟಿಕ್ ಚೇರು, ಎಗಲ್ ಮೇಲೆ ಬಿಳೀ ಟವಲ್ಲು, ಮಕದಾಗೆ ಮದ್ವೆ ಮನೆ ಯಜಮಾನ್ರ ನಗ. ಪಕ್ಕದ್ ಸ್ಟೂಲ್ ಮೇಲೆ ಒಂದ್ ತಟ್ಟೆ. ತಟ್ಟೇಲಿ ಬೇಯ್ಸಿದ್ ಮೊಟ್ಟೆ, ಅರ್ದರ್ದ ಕುಯ್ದು ಕಾರದ್ಪುಡಿ ಉದುರ್ಸಿತ್ತು.

"ಬಾ ಮಗ. ಬಿಸ್ಲಲ್ ಬಂದಿದ್ದೀಯ. ತಿನ್ನು."

ಲ್ಯಾಬ್‌ನಾಗೆ ತಲೆಕೆಳ್ಗೆ ಇಡುದ್ರೂ ಬೀಳ್ದೆ ಇದ್ದ ಬಿಳೀದು ಕಣ್ಮುಂದೆ ಬಂತು.

"ಸ್ಯಾಂಪಲ್ ತಗಳೋರು ಡ್ಯೂಟೀಲಿ ತಿನ್ನಂಗಿಲ್ಲ ಅಣ್ಣ."

"ಏನಿವತ್ತು?"

"ನೆನ್ನೆ ಟ್ಯೂಬ್ ದಾರೀಲಿ ಸೋರ್ಬುಟ್ವು. ಎಲ್ರೂ ಇನ್ನೊಂದ್ಸಲ ಉಗೀಬೇಕು." ಬ್ಯಾಗಿಂದ ಖಾಲಿ ಟ್ಯೂಬ್ ತಗ್ದೆ. "ನನ್ ಕಣ್ಮುಂದೆ."

ನಗ ಅಂಗೇ ಇತ್ತು, ಕಣ್ಣು ಮಾತ್ರ ಚೂರ್ ಕಿರಿದಾಯ್ತು. "ಎಣ್ಮಗಳ್ ಮುಂದೆ ಗಂಡುಸ್ರು ಥೂ ಥೂ ಅಂತ ಉಗಿಯೋದಾ? ಏನ್ ಚೆಂದ ಅದು! ಆಳುಗಳು ಬ್ಯಾರೆ ಗದ್ದೆ ತಾವ ಓಗವ್ರೆ. ಟ್ಯೂಬ್ ಮಡಗ್ ಓಗು, ಪ್ರಸನ್ನ ತುಂಬ್ಸಿ ಕಳ್ಸ್‌ತಾನೆ."

"ಪ್ರಸನ್ನಣ್ಣ ಚೆನ್ನಾಗ್ ತುಂಬ್ತಾರೆ, ಗೊತ್ತು. ನೀವೇ ಬೋಣಿ ಮಾಡಿ ಅಣ್ಣ."

ಒಂದ್ ಟ್ಯೂಬ್ ಅವನ್ ಕೈಗೆ ಇಟ್ಟೆ. ಅವ್ನು ಕನ್ನಡ್ಕ ಸರಿ ಮಾಡ್ಕಂಡು ಚೀಟಿ ಓದ್ದ. ದಾರೀಲೇ ನಾನು ಬರ್ದು ಅಂಟ್ಸಿದ್ದೆ: ಸ್ವಾಮಿ.

ಟ್ಯೂಬ್ ಅವನ್ ಕೈಯಿಂದ ಜಾರ್ ಬಿತ್ತು. ಕೆಂಡ ಮುಟ್ದೋನಂಗೆ ಬೆರಳು ಪಂಚೆಗೆ ಒರುಸ್ಕಂಡ.

"ಥೂ! ಬ್ಯಾರೇರ್ ಎಸ್ರಿಗೆ ನನ್ ಕೈಲಿ ಉಗುಸ್ತೀಯಾ? ಅವ್ನ್ ಪೀಡೆ ನಂಗ್ ಸುತ್ಕಳ್ಲಿ ಅಂತನಾ?"

ಆಗ ತಲೇಲಿ ಟ್ಯೂಬ್‌ಲೈಟ್ ಅತ್ಕಂತು.

ದೃಷ್ಟಿ ತಗ್ಯುವಾಗ ಅವ್ವ ಉಪ್ಪು ಮೆಣಸಿನ್ಕಾಯಿ ನಿವಾಳ್ಸಿ, "ಉಗಿಯವ್ವ ಮೂರ್ ಸಲ" ಅಂತಾಳಲ್ಲ. ಎಂಜಲ್ ಜೊತೆ ಪೀಡೆ ಓಯ್ತದೆ ಅಂತ. ಅದ್ಕೇ ನಮ್ ಕಡೆ ಯಾರೂ ಇನ್ನೊಬ್ರ ಎಸ್ರಲ್ಲಿ ಉಗಿಯಲ್ಲ. ಕಾಯ್ಲೆ ಬಿದ್ದೋರ್ ಎಂಜಲು ಕಳುಸ್ದ್ರೆ ಸಿಕ್ಕಾಕತಾರೆ. ಚೆನ್ನಾಗಿರೋರ್ನ ಉಗೀರ್ಲಾ ಅಂದ್ರೆ ಯಾರೂ ಒಪ್ನಿಲ್ಲ. ಮೂಟೆಗಟ್ಲೆ ದುಡ್ ಇರೋನು ಬ್ಯಾರೇನಾರ ಮಾಡ್ತಿದ್ನೇನೋ. ಇವ್ನ್ ತಾವ ಇದ್ದಿದ್ದು ಮೊಟ್ಟೆ. ಬೆಳ್ಳಗೆ, ಲೋಳೆ ಲೋಳೆ, ನೋಡಕ್ಕೆ ಎಂಜಲೇ. ಬಿಸಿ ಮಾಡ್ತಾರೆ ಅಂತ ಇವ್ನಿಗೇನ್ ಗೊತ್ತು!

"ಭಾನ್ವಾರ ಬುಟ್ಟೋದ ಅಂದ್ರಲ್ಲಣ್ಣ," ಅಂದೆ. ದನಿ ಫಸ್ಟ್ ಕ್ಲಾಸಾಗ್ ಬಂತು. "ಬುಟ್ಟೋದೋನ್ ಎಂಜಲು ಬುಧವಾರ ನನ್ ಡಬ್ಬಕ್ಕೆ ಎಂಗ್ ಬಂತು?"

ಜಯಪ್ರಕಾಶಣ್ಣ ಗಹಗಹ ಅಂತ ನಕ್ಕ. "ಎಂಜಲಾ? ಲೆಕ್ಕಕ್ ಏಳ್ ಬೇಕು ಅಂತ ಅವನ್ ಎಸ್ರೂ ಸೇರ್ಸಿದ್ದು ಕಣವ್ವ. ಅದೆಲ್ಲಿ ಎಂಜಲು, ಅದು ಬರೀ..."

ನಿಂತ್ಬುಟ್ಟ.

"ಬರೀ ಮೊಟ್ಟೆ. ಅಲ್ವಾ ಅಣ್ಣ?"

ಇಂತ ಗಳಿಗೇಲಿ ಬಾಯ್ ಮುಚ್ಕಳೋಳು ಗಗನ ಅಲ್ಲ. ಡೈಲಾಗ್ ನಾಲ್ಗೆ ತುದೀಗ್ ಬಂದಿತ್ತು. ಒಂದೆಜ್ಜೆ ಮುಂದಿಕ್ಕಿ, ಬೆರಳು ಎತ್ತಿ ಒಡ್ದೆ:

"ಆರ್ ಟ್ಯೂಬ್‌ನಾಗೆ ನಿಮ್ ಮೊಟ್ಟೆ ಇತ್ತು. ಏಳ್ನೇದ್ರಾಗೆ ನಮ್ಮಣ್ಣ ಇದ್ದ!"

ಯಾರೂ ಸಿಳ್ಳೆ ಒಡೀನಿಲ್ಲ.

ಸಿಕ್ಕಾಕಂಡ ಕಳ್ಳನ್ ಮಕ ನಂಗ್ ಗೊತ್ತು. ಜಯಪ್ರಕಾಶಣ್ಣನ್ ಮಕ ಅಂಗಿರ್ನಿಲ್ಲ. ಅವ್ನಿಗೆ ನಿಜವಾಗ್ಲೂ ಅಚ್ಚರಿ ಆಗಿತ್ತು. ಅವನ್ ಕಣ್ಣು ನನ್ ಬುಟ್ಟು ನಿಧಾನಕ್ಕೆ ಗೇಟ್ ಕಡೆ ಓಯ್ತು.

"ಪ್ರಸನ್ನ," ಅಂದ, ಮೆಲ್ಲಗೆ. "ಏಳೂ ಮೊಟ್ಟೇನೇ ಅಂದಿದ್ದೆಯಲ್ಲ ನೀನು."

ಪ್ರಸನ್ನನ್ ಮಕ ಆ ಸುಣ್ಣದಂಗೇ ಬಿಳುಚ್ಕಂಡಿತ್ತು. ಆವಾಗ್ ಗೊತ್ತಾಯ್ತು ನಂಗೆ. ವಿಲನ್ ಅನ್ಕಂಡಿದ್ನಲ್ಲ, ಈ ಜಾಗದಾಗೆ ನಮ್ಮಣ್ಣಂಗೆ ಇದ್ದಿದ್ ಒಬ್ಬನೇ ದಿಕ್ಕು ಅವ್ನು. ಅವನ್ನ ನಾನೇ, ನನ್ ಬಾಯಾರೆ, ಇಡ್ದು ಕೊಟ್ಬುಟ್ಟೆ.

ಜಯಪ್ರಕಾಶಣ್ಣ ಟವಲ್ ಬಾಯ್ಗೆ ಒತ್ಕಂಡು ಕೆಮ್ಮುದ. ಒಣ ಕೆಮ್ಮು. ಬಾಳ ಒತ್ತು ಕೆಮ್ಮುದ.

"ಒಂದ್ ಕೋಳಿಗೆ ಜ್ವರ ಅಂತ ಗೊತ್ತಾದ್ರೆ ಸಾಕು, ಬದ್ಕಿರೋದ್ನೂ ಸೇರ್ಸಿ ಎಲ್ಲಾನೂ ಗುಂಡಿಗ್ ಆಕ್ತಾರೆ ಕಣವ್ವ. ನಮ್ಮಪ್ಪ ಒಂದೊಂದೇ ಇಟ್ಟಿಗೆ ಒತ್ತು ಕಟ್ಟಿದ್ ಶೆಡ್ ಇದು. ನಿಮ್ಮಣ್ಣ ದೊಡ್ಡಾಸ್ಪತ್ರೆಗೆ ಓಗೇ ಓಯ್ತೀನಿ ಅಂತ ಅಟಕ್ ಕೂತ. ಜ್ವರ ಇಳಿಯಾಗಂಟ ಒಂದ್ಕಡೆ ಇರ್ಲಿ ಅಂದೆ, ಅಷ್ಟೇ." ಕೈ ಚಾಚುದ. "ಫೋನ್ ಕೊಡು."

"ಕೊಡಲ್ಲ."

ಕಿತ್ಕಂಡ. ನಗ್ತಾನೇ ಕಿತ್ಕಂಡ. ಪ್ರಸನ್ನನ್ ಜೇಬಿಂದನೂ ಕಿತ್ಕಂಡ. ನನ್ ಸ್ಕೂಟರ್ ಕೀ ಎಳ್ದು ಆ ಸುಣ್ಣದ್ ಗುಡ್ಡೆ ಕಡೆ ಬೀಸುದ. ಜೀಪ್ ಗೇಟಾಚೆ ತಗ್ದು, ಗೇಟ್‌ಗೆ ಒರ್ಗಿಂದ ಸರಪ್ಳಿ ಆಕಿ, ದೂಳೆಬ್ಬುಸ್ಕಂಡು ಮದ್ದೂರ್ ಕಡೆ ಒಂಟೋದ.

"ಸ್ವಾಮೀನ ಅಲ್ಲಿಂದ ಎತ್ಬುಡ್ತಾನೆ," ಅಂದ ಪ್ರಸನ್ನ. ಅಳ್ತಿದ್ದ. "ಆಮೇಲ್ ಯಾರ್ಗೂ ಸಿಗಕ್ಕಿಲ್ಲ ಅವ್ನು. ಯಾಕವ್ವ ಬಾಯ್ ಬುಟ್ಟೆ?"

"ಎಲ್ಲಿಂದ? ಎಲ್ಲವ್ನೆ ನಮ್ಮಣ್ಣ?"

"ಪೂರಿಗಾಲಿ. ಜಯಪ್ರಕಾಶಣ್ಣನ್ ಕಬ್ಬಿನ್ ಗದ್ದೇಲಿ ಮುಚ್ಚೋಗಿರೋ ಆಲೆಮನೆ. ಕೋಳಿ ಗೊಬ್ರ ಒಡಿಯೋ ನೆಪದಾಗೆ ದಿನಾ ಓಯ್ತಿದ್ದೆ. ಬೀಗ ಅವನ್ ತಾವ, ಕಿಟ್ಕಿ ಸರಳಿಂದ ಕೊಡ್ತಿದ್ದೆ. ಅನ್ನ ಇಳೀನಿಲ್ಲ ಅವ್ನಿಗೆ. ಅಲ್ಲೇ ಕಬ್ಬು ಮುರ್ದು ಜಜ್ಜಿ ರಸ ಇಂಡಿ ಬಾಯ್ಗ್ ಬುಟ್ಟೆ. ಆಮೇಲೆ ಟ್ಯೂಬ್ ಇಡ್ದೆ."

ಸೀ. ಕಂದು. ಅಂಟಂಟು.

"ಏನಾರ ಅಂದ್ನಾ?"

"'ಡಬ್ಬ ಒಯ್ಯೋಳು ನನ್ ತಂಗಿ. ಅವ್ಳಿಗ್ ಗೊತ್ತಾಯ್ತದೆ ಬುಡ್ಲಾ' ಅಂದ."

ನನ್ ಕಣ್ಣು ಮಂಜಾಯ್ತು. ಕೆಮ್ಮು ಬಂದಂಗಾಯ್ತು. ನುಂಗ್ದೆ.

ಸತ್ ಕೋಳಿ ಸಾಗ್ಸಕ್ಕೆ ಇಂದ್ಗಡೆ ಬೇಲಿ ಕಿತ್ತಿದ್ರು. ಅದ್ರಾಚೆ ಪ್ರಸನ್ನನ್ ಬೈಕಿತ್ತು. ಕೀ ಇಸ್ಕಂಡೆ. "ನೀನ್ ಊರೊಳಕ್ ಓಡು," ಅಂದೆ. "ಯಾರ್ದಾರ ಫೋನ್ ಇಸ್ಕಂಡು ಮಂಡ್ಯ ಲ್ಯಾಬ್‌ಗೆ ಮಾಡು, ನಾಗಕ್ಕ, ನಾಗಶ್ರೀ ಬೇಕು ಅನ್ನು. ಪೋಲೀಸ್ರು ಇಲ್ಲಿಗಲ್ಲ, ಪೂರಿಗಾಲಿಗ್ ಬರ್ಬೇಕು."

* * *

ಮದ್ದೂರು ದಾಟಿದ್ದು ಗೊತ್ತು. ಮಳವಳ್ಳಿ ದಾಟಿದ್ದು ಗೊತ್ತಿಲ್ಲ. ಸಿನಿಮಾದಾಗೆ ಚೇಸಿಂಗ್ ಅಂದ್ರೆ ತರಕಾರಿ ಗಾಡಿ ಪಲ್ಟಿ ಒಡೀತಾವೆ. ನಂಗೆ ಒಂದ್ ಎಮ್ಮೆ ಅಡ್ಡ ಬಂತು, ಅದಕ್ಕೂ ಕೈ ಮುಗ್ದು ದಾರಿ ಕೇಳ್ಕಂಡೆ.

ಪೂರಿಗಾಲಿ ಕಬ್ಬಿನ್ ಗದ್ದೆ ನಡುವ್ಲ ಕಾಲ್ದಾರಿ. ಬೈಕ್ ಮೊದ್ಲೇ ನಿಲ್ಸಿ ನಡುದ್ಬುಟ್ಟೆ. ಎರಡ್ ಕಡೆನೂ ಕಬ್ಬು ತಲೆಗಿಂತ ಎತ್ರ. ಗರಿ ಗರಿ ಉಜ್ಕಂಡ್ರೆ ಯಾರೋ ಇಂದೆ ಬಂದಂಗೆ. ಬಿಸ್ಲು ಇನ್ನೂ ಇತ್ತು, ಆದ್ರೂ ಬೆನ್ನು ತಣ್ಣಗೆ.

ಆಲೆಮನೆ ಕಾಣುಸ್ತು. ಒಗೆ ಇಲ್ಲದ್ ಚಿಮಣಿ. ಅಂಗಳ್ದಾಗೆ ತಲೆಕೆಳ್ಗೆ ಕವುಚಾಕಿರೋ ತುಕ್ಕಿಡ್ದ ಕೊಪ್ಪರಿಗೆ.

ಅದ್ರ ಪಕ್ಕ ಜೀಪು. ಬಾಗ್ಲು ತಗ್ದಿತ್ತು. ಕೀ ಅದ್ರಾಗೇ ನೇತಾಡ್ತಿತ್ತು.

ಆಲೆಮನೆ ಒಳ್ಗೆ ಏನೋ ಎಳ್ದಾಡೋ ಸದ್ದು. "ಏಳ್ಲಾ. ಎದ್ದೇಳ್ಲಾ ಸ್ವಾಮಿ, ನನ್ ಎಗಲ್ ಇಡ್ಕ."

ಆ ಕೀ ಒಂದ್ ಕೈಗ್ ಸಿಕ್ರೆ ಸಾಕು. ಜೀಪ್ ಓಗಲ್ಲ, ಅಣ್ಣ ಓಗಲ್ಲ, ಪೋಲೀಸ್ ಬರಾಗಂಟ ಎಲ್ರೂ ಇಲ್ಲೇ. ಎದೆ ಎತ್ತರ ಬಿದ್ದಿದ್ದ ಒಣ ಕಬ್ಬಿನ್ ಸಿಪ್ಪೆ ರಾಶಿ ಇಂದೆ ಬಗ್ಗಿ ಬಗ್ಗಿ ಜೀಪ್ ತಾವ ಬಂದೆ. ಮಾಸ್ಕ್ ಎಲ್ಲೋ ಬಿದ್ದೋಗಿತ್ತು. ಸಿಪ್ಪೆ ದೂಳು ಮೂಗಿಗೆ, ಗಂಟ್ಲಿಗೆ.

ಒಳ್ಗಿಂದ ಕೆಮ್ಮು. ಅಣ್ಣನ್ ಕೆಮ್ಮು. ಎದೆ ಅರ್ದೋಗಂಗೆ. ಬದ್ಕವ್ನೆ. ದೇವ್ರೇ, ಬದ್ಕವ್ನೆ.

ಅದ್ರ ಇಂದೇನೇ ಇನ್ನೊಂದು. ಒಣ ಕೆಮ್ಮು, ಟವಲ್ ಒಳ್ಗೆ ಒತ್ತಿಡ್ದಂಗೆ. ಅದು ಜಯಪ್ರಕಾಶಣ್ಣಂದು.

ಕೈ ಚಾಚ್ದೆ. ಬೆರಳ್ ತುದಿ ಕೀ ಮುಟ್ತು.

ಬೆಳಿಗ್ಗೆಯಿಂದ ನುಂಗ್ಕಂಡ್ ನುಂಗ್ಕಂಡ್ ಬಂದಿದ್ದೆ ನೋಡಿ. ಇನ್ ನುಂಗಕ್ಕಾಗ್ನಿಲ್ಲ.

ಮೂರ್ನೇ ಕೆಮ್ಮು ನಂದು.

ಒಂದಲ್ಲ, ಬತ್ತಾನೇ ಇತ್ತು. ಒಣ, ಗಟ್ಟಿ, ಎದೆ ಬುಡದಿಂದ. ಒಳ್ಗಿನ್ ಇಬ್ರ ಕೆಮ್ಮಿನ್ ತರಾನೇ. ಈ ದೂಳು, ಆ ರೋಡು, ಎಲ್ಲಾ ಸುಳ್ಳು. ಅಣ್ಣನ್ನ ಉಡುಕ್ಕಂಡು ವಾರ್ವೆಲ್ಲ ಆ ಫಾರಂ ಅಂಗಳ್ದಾಗೆ ನಿಂತಿದ್ದೋಳು ನಾನು.

ಒಳ್ಗೆ ಎಳ್ದಾಟ ನಿಂತೋಯ್ತು. ಎಜ್ಜೆ ಸದ್ದು ಬಾಗ್ಲ ತಾವ ಬಂತು.

"ಬಾರವ್ವ ಒಳೀಕೆ," ಅಂದ ಜಯಪ್ರಕಾಶಣ್ಣ. ದನೀಲಿ ಸಿಟ್ಟೇ ಇರ್ನಿಲ್ಲ. "ನಿಂಗೂ ಬಂದೈತಲ್ಲ. ಇನ್ ನೀನೂ ಮನೇಗ್ ಓಗಂಗಿಲ್ಲ."

ಕೀ ಬೆರಳ್ ತುದೀಲೇ ಇತ್ತು. ನಂಗದು ಕಾಣುಸ್ನಿಲ್ಲ. ಕಣ್ಮುಂದೆ ಇದ್ದಿದ್ದು ಕೊತ್ತತ್ತಿ ಬಾಗ್ಲು, ಅವ್ವನ್ ಕೈಲಿ ಸ್ಟೀಲ್ ಲೋಟ.

ಅರ್ದ ನಾನ್ ಕುಡ್ದಿದ್ದು.